ಕಾಲು ಅವನದು, ಕೈ ನನ್ನದು

ನಮ್ಮ ವಿಶ್ವವಿದ್ಯಾಲಯದ ಟೆನಿಸ್ ತಂಡದ ಆಯ್ಕೆಗೆ ರ‍್ಯಾಕೆಟ್ ತರಬೇಕಾಗಿರಲಿಲ್ಲ. ಮೊದಲು ಬೀಪ್ ಟೆಸ್ಟ್ ಎಂದರು ದೈಹಿಕ ಶಿಕ್ಷಣ ನಿರ್ದೇಶಕರು. 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ, ಸ್ಪೀಕರ್ ‘ಬೀಪ್’ ಎನ್ನುವುದರೊಳಗೆ ಅತ್ತಿಂದಿತ್ತ ಓಡುತ್ತಿರಬೇಕು. ಆರಂಭದ ವೇಗ ಗಂಟೆಗೆ 8.5 ಕಿಲೋಮೀಟರ್, ಆಮೇಲೆ ನಿಮಿಷಕ್ಕೆ ಅರ್ಧರ್ಧ ಕಿಲೋಮೀಟರ್ ಏರುತ್ತದೆ. ಮೊದಲ ನಿಮಿಷ ನಾವೆಲ್ಲ ಹರಟೆ ಹೊಡೆಯುತ್ತ ಓಡಿದೆವು. ಮುಂದೆ ಹರಟೆ ನಿಂತಿತು. ಆಮೇಲೆ ಹಾಸ್ಟೆಲಿನ ಚಿತ್ರಾನ್ನ ಗಂಟಲಿನವರೆಗೆ ಬಂದು ಇಣುಕತೊಡಗಿತು.

ಕೊನೆಗೂ ಉಳಿದವನು ನಮ್ಮ ಪಕ್ಕದ ಕೋಣೆಯ ಕಬಡ್ಡಿ ಆಟಗಾರ. ರ‍್ಯಾಕೆಟ್ ಎಂದು ಅವನು ಅದುವರೆಗೆ ಹಿಡಿದದ್ದು ಸೊಳ್ಳೆ ಬ್ಯಾಟನ್ನು ಮಾತ್ರ. ಪಟ್ಟಿಯಲ್ಲಿ ಮೊದಲ ಹೆಸರು ಅವನದೇ.

ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್. ಅಂಥ ಕಾಲುಗಳಿಗೆ ಅದೆಷ್ಟರ ಲೆಕ್ಕ? ಚೆಂಡಿಗಿಂತ ಮೊದಲೇ ಹೋಗಿ, ಬಸ್ಸಿಗೆ ಕಾಯುವವನಂತೆ ನಿಂತಿರುತ್ತಿದ್ದ. ಬಂದ ಮೇಲೆ ಏನು ಮಾಡಬೇಕೆಂಬುದೇ ತೋಚದು. ಅವನು ಬೀಸಿದರೆ ಚೆಂಡು ನೆಟ್ಟಿನ ಬುಡಕ್ಕೆ, ಇಲ್ಲವೇ ಬೇಲಿಯಾಚೆಯ ಪ್ರಾಧ್ಯಾಪಕರೊಬ್ಬರ ಸೀಮೆಬದನೆ ಚಪ್ಪರಕ್ಕೆ. ಅಲ್ಲಿಯ ಅಮ್ಮನವರು ಚೆಂಡನ್ನು ಸುಮ್ಮನೆ ಕೊಡುವವರಲ್ಲ. ಸೆರಗಿನಲ್ಲಿ ಅದರ ಮಣ್ಣು ಒರೆಸುತ್ತ, “ಯಾವ ವಿಭಾಗದವನಪ್ಪ ನೀನು? ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು?” ಎಂದು ಕೇಳುವರು. ಬೀಪ್ ಟೆಸ್ಟಿನಲ್ಲಿ ಬೆವರದವನು ಅಲ್ಲಿ ಬೆವರುತ್ತಿದ್ದ.

ನನ್ನದು ತಿರುಗುಮುರುಗು. ಚಿಕ್ಕಂದಿನಲ್ಲಿ ಕಲಿತ ಫೋರ್‌ಹ್ಯಾಂಡ್ ಇಂದಿಗೂ ಲಕ್ಷಣವಾಗಿದೆ, ಚೆಂಡು ಕೈಯಳತೆಗೆ ಬಂದರೆ. ಅದು ಬರುವುದಿಲ್ಲ, ನಾನೂ ಹೋಗುವುದಿಲ್ಲ. ಇದನ್ನೆಲ್ಲ ನೋಡಿ ನಿರ್ದೇಶಕರು ಇಬ್ಬರನ್ನೂ ಡಬಲ್ಸ್‌ಗೆ ಜೋಡಿಸಿದರು: ಕಾಲು ಅವನದು, ಕೈ ನನ್ನದು. “ಕೊಡಗಿನ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ವಯಸ್ಸು 43. ನಿಮಗಿನ್ನೂ ಇಪ್ಪತ್ತು ವರ್ಷ ಸಮಯವಿದೆ” ಎಂದು ಧೈರ್ಯವನ್ನೂ ತುಂಬಿದರು. ಅದು ಧೈರ್ಯವೋ ಅಲ್ಲವೋ, ಈಗಲೂ ಅನುಮಾನ.

ಅಂತರ ಕಾಲೇಜು ಪಂದ್ಯದಲ್ಲಿ ನನ್ನ ಪಾಲಿನ ಚೆಂಡಿಗೂ ಅವನೇ ಓಡಿದ. ನನಗೆ ಅಭ್ಯಂತರವಿರಲಿಲ್ಲ. ಒಮ್ಮೆ ಮಾತ್ರ, ನೆಟ್ಟಿನ ಹತ್ತಿರ ಬಿದ್ದ ಚೆಂಡಿಗೆ ಹಾರಿ, ಹೇಗೋ ಆಚೆ ದಾಟಿಸಿ, ಓಟದ ರಭಸಕ್ಕೆ ನೆಟ್ಟನ್ನೇ ತಬ್ಬಿಕೊಂಡ. ನೆಟ್ಟು ಮುಟ್ಟಿದ್ದಕ್ಕೆ ಅಂಪೈರ್ ಎದುರಾಳಿಗೆ ಅಂಕ ಕೊಟ್ಟರು. ಇವನು ಅಂಪೈರ್ ಕುರ್ಚಿಯ ಬುಡಕ್ಕೇ ಹೋಗಿ ನಿಂತ.

“ಸಾರ್, ಮುಟ್ಟಿದವನು ನಾನು. ಪಾಯಿಂಟ್ ಅವರಿಗೆ ಹೇಗೆ?”