ಅಯಸ್ಕಾಂತದ ಪಾಠ

ಹಳ್ಳಿ ಶಾಲೆಗಳಿಗೆ ಈಗ ಮ್ಯಾಗ್ನೆಟ್ ಬಂದಿದೆ. ಕೆಪಿಎಸ್ ಮ್ಯಾಗ್ನೆಟ್. ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನೆಲ್ಲ ಒಂದು ದೊಡ್ಡ ಕರ್ನಾಟಕ ಪಬ್ಲಿಕ್ ಶಾಲೆ ಸೆಳೆದುಕೊಳ್ಳುತ್ತದಂತೆ. ಹೆಸರಿಟ್ಟವರಿಗೆ ದೊಡ್ಡ ನಮಸ್ಕಾರ. ಆದರೆ ಅಯಸ್ಕಾಂತಕ್ಕೆ ಎರಡು ತುದಿ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಮಕ್ಕಳನ್ನು ಹೊರಕ್ಕೆ ನೂಕುವ ತುದಿ ಎಷ್ಟೋ ವರ್ಷದಿಂದ ಚೆನ್ನಾಗಿಯೇ ಕೆಲಸ ಮಾಡುತ್ತಿದೆ.

ಕೇಳಿದರೆ ‘ದಾಖಲಾತಿ ಇಲ್ಲ’ ಅಂತಾರೆ. ಹೇಗಿರುತ್ತೆ? ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಒಂದರಿಂದ ಮೂರಕ್ಕೆ ಆಡುತ್ತ ಕಲಿಯುವ ನಲಿ-ಕಲಿ, ಉಳಿದವರಿಗೆ ಕಾಪಿ ಬರೆಯುವ ಕೆಲಸ. ಮೇಷ್ಟ್ರಿಗೆ ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ. ಆಮೇಲೆ ಮಕ್ಕಳ ವಿವರದ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಮಾಹಿತಿ ತುಂಬಲು ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಹತ್ತಿರ ನಿಲ್ಲಬೇಕು.

2025ರ ದಸರಾ ನೆನಪಿದೆಯಲ್ಲ? ಮೇಷ್ಟ್ರುಗಳಿಗೆ ವಹಿಸಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಖಾಸಗಿ ಶಾಲೆಯ ಹಳದಿ ವ್ಯಾನು ಹಾರ್ನ್ ಹೊಡೆದುಕೊಂಡು ಬರುತ್ತಿತ್ತು. ಮೇಷ್ಟ್ರು ಮನೆಮನೆ ಬಾಗಿಲಲ್ಲಿ ಕರೆಂಟ್ ಮೀಟರ್ ಪಕ್ಕದ ಸಮೀಕ್ಷೆ ಚೀಟಿ ಹುಡುಕುತ್ತಿದ್ದರು. ‘ಸಾ, ಸ್ಕೂಲು ಯಾವಾಗ?’ ಅಂದ ಹುಡುಗನನ್ನೂ ಎಣಿಸಿಕೊಂಡು ಮುಂದಿನ ಮನೆಗೆ ನಡೆದರು. ಹುಡುಗನ ಲೆಕ್ಕ ಸಿಕ್ಕಿತು. ಹುಡುಗನಿಗೆ ಲೆಕ್ಕ ಬರಲಿಲ್ಲ.

ಫಲಿತಾಂಶದ ಚಿಂತೆ ಯಾರಿಗೂ ಬೇಡ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೊಠಡಿಗೆ ಕ್ಯಾಮೆರಾ ಹಾಕಿದರು. ಫಲಿತಾಂಶ ಮಕಾಡೆ ಮಲಗಿತು. ಗ್ರೇಸ್ ಅಂಕವನ್ನು ಶೇ 20ಕ್ಕೆ ಏರಿಸಿ 73.40ಕ್ಕೆ ಎತ್ತಿ ಕೂರಿಸಿದರು. ಈಗ ಪಾಸಾಗಲು 35 ಬೇಡ, ಪ್ರತಿ ವಿಷಯದಲ್ಲಿ 30, ಒಟ್ಟಾರೆ ಶೇ 33 ಬಂದರೆ ಸಾಕು. ಗೋಡೆ ಹಾರಲು ಕಲಿಸೋದು ಕಷ್ಟದ ಕೆಲಸ, ಮೇಲಿನ ಎರಡು ಇಟ್ಟಿಗೆ ಕಿತ್ತರಾಯಿತು. ಆ ಇಟ್ಟಿಗೆಯಲ್ಲಿ ಹೆಣ್ಣುಮಕ್ಕಳಿಗೆ ಒಂದು ಶೌಚಾಲಯವನ್ನಾದರೂ ಕಟ್ಟಬಹುದಿತ್ತು, ಅಲ್ವಾ?

ತಮಾಷೆ ಮಾಡಿ ಮಾಡಿ ಸಾಕಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 60 ಮಕ್ಕಳವರೆಗಿನ ಕಿರಿಯ ಶಾಲೆಗೂ ಇಬ್ಬರು ಶಿಕ್ಷಕರು ಇರಲೇಬೇಕು. ಇಬ್ಬರನ್ನು ಕೊಡಲ್ಲ. ಇರುವ ಒಬ್ಬರನ್ನೂ ಪಾಠಕ್ಕೆ ಬಿಡಲ್ಲ. ಆಮೇಲೆ ‘ಮಕ್ಕಳೇ ಬರ್ತಿಲ್ಲ’ ಅಂದರೆ ಹೇಗೆ ಸ್ವಾಮಿ? ಕೂಲಿಗೆ ಹೋಗುವ ತಾಯಿ ಫೀಸು ಕಟ್ಟಲು ಸಂಘದಲ್ಲಿ ಸಾಲ ತೆಗೆಯುತ್ತಾಳೆ. ಇಂಗ್ಲಿಷ್ ಹುಚ್ಚು ಅಂತ ಆಡಿಕೊಳ್ಳೋರು ಆಡಿಕೊಳ್ಳಲಿ. ಅಲ್ಲಿ ತರಗತಿಗೊಬ್ಬರು ಮಿಸ್ ಇದ್ದಾರೆ, ಅಷ್ಟೇ.

ಯಾವ ಶಾಲೆಯನ್ನೂ ಮುಚ್ಚಲ್ಲ ಅಂತ ಮೇಲಿನಿಂದ ಭರವಸೆ ಬಂದಿದೆ. ನಾನು ಪೂರ್ತಿ ನಂಬುತ್ತೇನೆ. ಚುನಾವಣೆಗೆ ಮತಗಟ್ಟೆ ಬೇಕಲ್ಲ.