ಹಂದಿ ಯಾರದ್ದು, ಹೊಲ ಯಾರದ್ದು

ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಸೂ ಕೌಂಟಿಯಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಜನ ಸುಮಾರು 36 ಸಾವಿರ, ಹಂದಿಗಳು 10 ಲಕ್ಷಕ್ಕೂ ಜಾಸ್ತಿ. ಹೊಲದ ತುಂಬ ಗೋವಿನಜೋಳ, ಸೋಯಾ. ಹಾವೇರಿ ಕಡೆಯವನಾದ ನನಗೆ ಜುಲೈನಲ್ಲಿ ಕಾರಿನ ಕಿಟಕಿಯಿಂದ ನೋಡಿದರೆ ಊರೇ ಕಂಡ ಹಾಗಾಗುತ್ತದೆ, ಬದುಗಳು ಮಾತ್ರ ಇಲ್ಲ.

2020ರ ಏಪ್ರಿಲ್‌ನಲ್ಲಿ ಕೊರೋನಾದಿಂದ ಇಲ್ಲಿನ ಹಲವು ಮಾಂಸದ ಕಾರ್ಖಾನೆಗಳು ಮುಚ್ಚಿದವು. ಬೆಳೆದ ಹಂದಿ ಕಳಿಸಲು ಜಾಗವಿಲ್ಲ, ಹಿಂದೆ ಮರಿಗಳು ಬರುತ್ತಲೇ ಇವೆ, ಕೆಲವರು ಕೊಂದು ಹೂಳಬೇಕಾಯಿತು. ಆಗ ಕರ್ನಾಟಕದಲ್ಲಿ ಹೂವು ಕೊಳ್ಳುವವರಿಲ್ಲದೆ ಗಿಡದಲ್ಲೇ ಒಣಗುತ್ತಿತ್ತು.

ಎರಡೂ ಕಡೆ ಸರ್ಕಾರ ದುಡ್ಡು ಕೊಟ್ಟಿತು. ಇಲ್ಲಿ ಮೊದಲ ಕಂತಿಗೇ 1,600 ಕೋಟಿ ಡಾಲರ್. ರೈತ ತನ್ನ ಹತ್ತಿರ ಎಷ್ಟು ಹಂದಿ, ಎಷ್ಟು ಗೋವಿನಜೋಳ ಇದೆ ಅಂತ ತಾನೇ ಬರೆದು ಸಹಿ ಹಾಕಿ ಕೌಂಟಿಯ ಕೃಷಿ ಕಚೇರಿಗೆ ಇಮೇಲ್ ಮಾಡಿದರೆ ಸಾಕು, ದಾಖಲೆ ಆಮೇಲೆ ಕೇಳಿದರೆ ತೋರಿಸಬೇಕು, ಅಷ್ಟೇ. ಎರಡನೇ ಸುತ್ತಿನಲ್ಲಿ ಹಂದಿಗೆ 23 ಡಾಲರ್, ಗೋವಿನಜೋಳಕ್ಕೆ ಎಕರೆಗೆ ಕನಿಷ್ಠ 15. ಒಬ್ಬರಿಗೆ ಸುತ್ತಿಗೆ ಎರಡೂವರೆ ಲಕ್ಷ ಡಾಲರ್ ಮಿತಿ. ಎಂಥ ಮಿತಿ ನೋಡಿ! ದೊಡ್ಡವರಿಗೆ ಜಾಸ್ತಿ, ಸಣ್ಣವರಿಗೆ ಪುಡಿಗಾಸು. ಕರ್ನಾಟಕದಲ್ಲಿ ಗೋವಿನಜೋಳದ ರೈತನಿಗೆ 5,000 ರೂಪಾಯಿ, ಒಂದು ಎಕರೆಯವನಿಗೂ ಅಷ್ಟೇ, ಹತ್ತು ಎಕರೆಯವನಿಗೂ ಅಷ್ಟೇ. ಮೊತ್ತ ಏನೇನೂ ಸಾಲದು, ನಿಜ. ಆದರೆ ಹಂಚಿದ ರೀತಿ ನಮ್ಮದೇ ಸರಿ ಅನಿಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿಯವರಿಂದ ಕಲಿಯಬೇಕು. ಇಲ್ಲಿ ಹೊಲವನ್ನು ದುಡ್ಡು ಕೊಟ್ಟು ಗುತ್ತಿಗೆಗೆ ಪಡೆದವನಿಗೇ ಗೋವಿನಜೋಳದ ಪರಿಹಾರ ಹೋಯಿತು, ಯಾಕೆಂದರೆ ಬೆಳೆ ಅವನದು, ನಷ್ಟ ಅವನದು. ಬರೀ ಬಾಡಿಗೆ ಎಣಿಸುವ ಹೊಲದ ಯಜಮಾನನಿಗೆ ಇಲ್ಲ. ನಮ್ಮಲ್ಲಿ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಗೋವಿನಜೋಳ ಅಂತ ಇದ್ದರೆ ದುಡ್ಡು ಹೋಗಿದ್ದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. 1974ರಲ್ಲಿ ಗೇಣಿ ರದ್ದು ಮಾಡಿದ್ದು ಉಳುವವನಿಗೆ ಹೊಲ ಸಿಗಲಿ ಅಂತ, ಸಿಕ್ಕಿತು ಕೂಡ. ಈಗ ಅದೇ ಕಾನೂನಿನಿಂದ ಲಾವಣಿ, ಅಂದರೆ ಗುತ್ತಿಗೆ, ಹಾಕಿಕೊಂಡು ದುಡಿಯುವವನು ಯಾವ ಕಾಗದದಲ್ಲೂ ಇಲ್ಲ.

ಹಾಗಂತ ಇಲ್ಲಿಯದೂ ಪೂರ್ತಿ ನೆಟ್ಟಗಿಲ್ಲ. ನನ್ನ ಪಕ್ಕದ ರೈತನ ಶೆಡ್ಡಿನಲ್ಲಿ 2,400 ಹಂದಿ. ಶೆಡ್ಡು ಅವನದು, ಸಾಲ ಅವನದು, ರಾತ್ರಿ ಫ್ಯಾನ್ ನಿಂತರೆ ಎದ್ದು ಓಡುವವನೂ ಅವನೇ. ಹಂದಿ ಮಾತ್ರ ಕಂಪನಿಯದು. ಹಾಗಾಗಿ 2020ರಲ್ಲಿ ಅವನಿಗೆ ಏನೂ ಇಲ್ಲ, ಶೆಡ್ಡು ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೂ. 2021ರ ಆಗಸ್ಟ್‌ನಲ್ಲಿ ನಿಯಮ ಬದಲಾಗಿ ಇಂಥವರೂ ಅರ್ಜಿ ಹಾಕಬಹುದು ಅಂತಾಯಿತು. ತಡ ಆಯಿತು, ಆದರೂ ತಪ್ಪು ಅಂತ ಒಪ್ಪಿಕೊಂಡರಲ್ಲ.

ಊರಲ್ಲಿ ನಮ್ಮ ಕಾಕಾ ಮೂರು ಎಕರೆ ಲಾವಣಿ ಮಾಡುತ್ತಾರೆ. ಹೊಲದ ಯಜಮಾನರು ಇರುವುದು ಬೆಂಗಳೂರಿನಲ್ಲಿ. ಮುಂದಿನ ವರ್ಷದ ಲಾವಣಿ ದುಡ್ಡು ಕೇಳಲು ಅವರು ಫೋನ್ ಮಾಡಿದಾಗ ಕಾಕಾ, ಆ ಐದು ಸಾವಿರ ಕಳೆದು ಕೊಡಲಾ ಅಂತ ಕೇಳಿದರಂತೆ.

‘ಅದು ನನ್ನ ಪಹಣಿಗೆ ಬಂದದ್ದಪ್ಪಾ’ ಅಂದರಂತೆ ಅವರು.