ಹಂಗು ಹರಿದ ಕಚೇರಿ

ಸಾಹಿತ್ಯ ಓದಿ ಏನಾಗಬೇಕಾಗಿದೆ ಎಂದು ಕೇಳುವವರು ವಿಜಯಪುರದ ಸರ್ಕಾರಿ ಕಚೇರಿಯೊಂದರ ಬಾಕಿನ ಮೇಲೆ ಅರ್ಧ ದಿನ ಕುಳಿತು ಬರಬೇಕು. 2024ರಲ್ಲಿ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿ, ಕಚೇರಿಗಳಲ್ಲೆಲ್ಲ ಭಾವಚಿತ್ರ ಹಾಕಿಸಿದ ಮೇಲಂತೂ ಪಾಠ ಇನ್ನಷ್ಟು ಸುಲಭವಾಗಿದೆ.

ವಾರಸಾ ಹಚ್ಚಿಸಲು, ಅಂದರೆ ಆಸ್ತಿಯ ದಾಖಲೆಯಲ್ಲಿ ವಾರಸುದಾರರ ಹೆಸರು ಏರಿಸಲು, ನಾನು ಮೂರನೆಯ ಸಲ ಹೋದ ದಿನ ಗುಮಾಸ್ತರ ನೆತ್ತಿಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಬಂಗಾರದ ಬಣ್ಣದ ಅಕ್ಷರಗಳು ಹೊಳೆಯುತ್ತಿದ್ದವು. ಕೆಳಗೆ ಬಸವಣ್ಣನವರ ಹೆಸರು. ಮಾತು ಆಯ್ದಕ್ಕಿ ಮಾರಯ್ಯನ ವಚನದ್ದು. ಆದರೆ ತೀರಿಹೋದ ಅಪ್ಪನ ಹೆಸರು ತೆಗೆಸುವುದೇ ದುಸ್ತರವಾಗಿರುವಲ್ಲಿ ವಚನಕಾರರ ಹೆಸರು ತಿದ್ದಿಸಲು ಅರ್ಜಿ ಕೊಡುವವರು ಯಾರು?

ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕು, ‘ಜಂಗಮ ಮುಂದೆ ನಿಂದಿದ್ದಡೂ ಹಂಗು ಹರಿಯಬೇಕು’ ಎನ್ನುತ್ತದೆ ಅದೇ ವಚನ. ಶಾಲೆಯಲ್ಲಿ ತಿಳಿಯದ ಈ ಸಾಲಿನ ಮರ್ಮ ನನಗೆ ಅಂದು ತಿಳಿಯಿತು. ಗುಮಾಸ್ತರು ಮೊಬೈಲಿನಲ್ಲಿ ನಿರತರಾಗಿದ್ದರು. ಇಂಡಿ ಕಡೆಯ ಅಜ್ಜನೊಬ್ಬ ಮಡಿಚಿ ಮಡಿಚಿ ಹರಿಯತೊಡಗಿದ್ದ ಹಳೆಯ ಪಹಣಿಯ ಉತಾರ ಹಿಡಿದು ಮುಕ್ಕಾಲು ಗಂಟೆಯಿಂದ ಎದುರಿಗೇ ನಿಂತಿದ್ದ. ಅವನ ಹಂಗು ಪೂರ್ಣ ಹರಿದಿತ್ತು. ಭಾವಚಿತ್ರಕ್ಕೆ ಮಾತ್ರ ಸೇವಂತಿಗೆ ಮಾಲೆ ತಪ್ಪಿರಲಿಲ್ಲ. ‘ಉಂಬ ಜಂಗಮ ಬಂದರೆ ನಡೆಯೆಂಬರು, ಉಣ್ಣದ ಲಿಂಗಕ್ಕೆ ಬೋನವ ಹಿಡಿಯೆಂಬರು’ ಎಂದು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಈ ಕಚೇರಿಯ ತಪಾಸಣೆ ಮುಗಿಸಿದ್ದರೆಂಬುದು ಸಿಬ್ಬಂದಿಗೆ ಇನ್ನೂ ಗೊತ್ತಾಗಿಲ್ಲ.

ಇದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು, ವಚನಗಳನ್ನು ಅಚ್ಚು ಹಾಕಲೆಂದು ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಆ ಮನೆಯನ್ನು ಅವರು ಇಂದು ಮಾರಹೊರಟಿದ್ದರೆ ಖಾತೆ ಬದಲಾವಣೆಗೆ ಅಲೆಯುವುದರಲ್ಲಿಯೇ ದಿನ ಕಳೆದು, ವಚನಗಳು ತಾಳೆಗರಿಯಲ್ಲಿಯೇ ಉಳಿಯುತ್ತಿದ್ದವೋ ಏನೋ.

ಅಷ್ಟರಲ್ಲಿ ಜವಾನ ಅಜ್ಜನ ಕಿವಿಯಲ್ಲಿ, “ಚಾಕ್ಕ ಏನರ ಕೊಡು ಯಜ್ಜಾ, ಸರ್ವರ್ ತಾನ ಚಾಲೂ ಆಗತೈತಿ” ಎಂದ. ಅಜ್ಜ ಭಜನೆಯ ಮನುಷ್ಯನಿರಬೇಕು. ಗಂಡ ಮಾರಯ್ಯ ಹೆಚ್ಚಿಗೆ ಅಕ್ಕಿ ಆಯ್ದು ತಂದಾಗ ಅದನ್ನು ಸುರಿದು ಬಾ ಎಂದು ಕಳುಹಿಸಿದ ಲಕ್ಕಮ್ಮನ ವಚನವನ್ನು ಅವನು ನಿಂತಲ್ಲಿಯೇ ಎತ್ತಿಕೊಂಡ: “ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ? ಈಸಕ್ಕಿಯಾಸೆ ನಿಮಗೇಕೆ?”

ಗುಮಾಸ್ತರು ಮೊದಲ ಸಲ ತಲೆಯೆತ್ತಿದರು.

“ಭಾಳ ಛಲೋ ಹೇಳಿದಿ ಯಜ್ಜಾ. ನಮ್ಮ ಆಫೀಸಿನ ಬಸವ ಜಯಂತಿಗೆ ಬಂದು ಇದನ್ನ ಹೇಳಬೇಕ ನೋಡು. ಉತಾರಕ್ಕ ಸೋಮವಾರ ಬಾ.”